ಕಾಲೇಜಿನ ಒಡಂಬಡಿಕೆಗೆ ಸಹಿ ಹಾಕುವ ಮುನ್ನ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ನಾಲ್ಕು ವಿಎಂಸಿ (ತಿರುಗುವ ಟೂಲ್‌ನಿಂದ ಲೋಹ ಕತ್ತರಿಸುವ ಕಂಪ್ಯೂಟರ್ ನಿಯಂತ್ರಿತ ಮಷೀನ್), ಎರಡು ಸಿಎನ್‌ಸಿ ಲೇಥ್‌ಗಳಿವೆ. ಹೈಡ್ರಾಲಿಕ್ ವಾಲ್ವ್ ಬಾಡಿ ಮತ್ತು ತೆಳುಗೋಡೆಯ ಅಲ್ಯೂಮಿನಿಯಂ ಹೌಸಿಂಗ್‌ಗಳನ್ನು ಜಾಬ್‌ವರ್ಕ್ ಮೇಲೆ ಮಾಡಿಕೊಡುತ್ತೇವೆ. ಸಮೀಪದ ಎಂಜಿನಿಯರಿಂಗ್ ಕಾಲೇಜೊಂದು ‘ಹೊಸ ಉತ್ಪಾದನಾ ತಂತ್ರಜ್ಞಾನದ ಜಂಟಿ ಅಭಿವೃದ್ಧಿ’ಗೆಂದು ಐದು ವರ್ಷಗಳ ಒಡಂಬಡಿಕೆಗೆ ಸಹಿ ಕೇಳುತ್ತಿದೆ. ಇಂತಹ ಸಹಯೋಗ ಎಲ್ಲಾದರೂ ನಿಜವಾಗಿ ಫಲ ಕೊಟ್ಟಿದೆಯೇ? ನಮ್ಮಷ್ಟು ಸಣ್ಣವರಿಗೆ ಅದರಿಂದ ಏನು ಸಿಕ್ಕೀತು? ಹೊಸದೇನಾದರೂ ಹುಟ್ಟಿದರೆ ಅದು ಯಾರ ಸ್ವತ್ತು?

ಉತ್ತರ: ಫಲ ಕೊಟ್ಟಿದೆ. ಆದರೆ ನಾನು ಬಲ್ಲ ಯಶಸ್ವಿ ಉದಾಹರಣೆಗಳಲ್ಲೆಲ್ಲ ಕೆಲಸ ಶುರುವಾದದ್ದು ಒಂದು ನಿರ್ದಿಷ್ಟ ಲೋಹ, ಒಂದು ನಿರ್ದಿಷ್ಟ ಬಿಡಿಭಾಗ, ಅದನ್ನು ಮಾಡುವಾಗ ಎದುರಾಗುತ್ತಿದ್ದ ಒಂದು ನಿರ್ದಿಷ್ಟ ತೊಂದರೆಯಿಂದ. ಕಾಗದಪತ್ರಗಳು ಆ ಬಳಿಕ ಬಂದವು. ನಿಮ್ಮ ಪತ್ರದಲ್ಲಿ ಒಡಂಬಡಿಕೆಯ ಅವಧಿ ಇದೆ, ತೊಂದರೆಯ ಪ್ರಸ್ತಾಪ ಇಲ್ಲ. ಕಾಲೇಜಿನವರ ಉದ್ದೇಶವನ್ನು ನಾನು ಶಂಕಿಸುತ್ತಿಲ್ಲ. ಆದರೂ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮಾನ್ಯತೆಯ ಕಡತದಲ್ಲಿ ಉದ್ಯಮಗಳೊಡನೆ ಮಾಡಿಕೊಂಡ ಒಡಂಬಡಿಕೆಗಳನ್ನು ಎಣಿಸಲಾಗುತ್ತದೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಆ ಎಣಿಕೆಗಾಗಿಯೇ ಸಹಿಯಾಗಿ, ಬಳಿಕ ಯಾರೂ ತೆರೆದು ನೋಡದ ಒಡಂಬಡಿಕೆಗಳು ನಮ್ಮ ನಾಡಿನಲ್ಲಿ ಕಡಿಮೆಯೇನಿಲ್ಲ.

ಫಲ ಕೊಟ್ಟ ಸಹಯೋಗವೆಂದರೆ ನನಗೆ ಮೊದಲು ನೆನಪಾಗುವುದು ಇಂಗ್ಲೆಂಡಿನ ಶೆಫೀಲ್ಡ್. ಉಕ್ಕಿಗೆ ಹೆಸರಾಗಿದ್ದ ಆ ಊರು 1980ರ ದಶಕದಲ್ಲಿ ಕಾರ್ಖಾನೆ, ಗಣಿಗಳೆರಡನ್ನೂ ಕಳೆದುಕೊಳ್ಳುತ್ತಾ ಬಂತು. ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೀತ್ ರಿಜ್‌ವೇ ಮತ್ತು ಕತ್ತರಿಸುವ ಟೂಲ್‌ಗಳನ್ನು ತಯಾರಿಸುತ್ತಿದ್ದ ಟೆಕ್ನಿಕಟ್ ಎಂಬ ಸ್ಥಳೀಯ ಕಂಪನಿಯ ಏಡ್ರಿಯನ್ ಆಲನ್ ಸೇರಿ, ವಿಮಾನದ ಲೋಹಗಳನ್ನು ಕತ್ತರಿಸುವ ವಿದ್ಯೆಯಲ್ಲಿ ತಮಗಿದ್ದ ಅನುಭವವನ್ನು ಮುಂದಿಟ್ಟುಕೊಂಡು ಬೋಯಿಂಗ್ ಕಂಪನಿಯ ಬಾಗಿಲು ತಟ್ಟಿದರು. 2001ರಲ್ಲಿ ವಿಶ್ವವಿದ್ಯಾಲಯ ಮತ್ತು ಬೋಯಿಂಗ್‌ಗಳ ಸಹಯೋಗದಲ್ಲಿ, ಸರ್ಕಾರ ಮತ್ತು ಯುರೋಪಿನ ಪ್ರಾದೇಶಿಕ ನಿಧಿಗಳ ನೆರವಿನೊಂದಿಗೆ, ಎಎಂಆರ್‌ಸಿ ಎಂಬ ಸುಧಾರಿತ ಉತ್ಪಾದನಾ ಸಂಶೋಧನಾ ಕೇಂದ್ರ ಹುಟ್ಟಿತು. ಅದು ತಲೆಯೆತ್ತಿದ್ದು ಆರ್ಗ್ರೀವ್‌ನ ಹಳೆಯ ಕೋಕ್ ಘಟಕದ ನೆಲದ ಮೇಲೆ, 1984ರ ಗಣಿಕಾರ್ಮಿಕರ ಮುಷ್ಕರದಲ್ಲಿ ಪೊಲೀಸರಿಗೂ ಕಾರ್ಮಿಕರಿಗೂ ಘರ್ಷಣೆ ನಡೆದ ಅದೇ ಜಾಗದಲ್ಲಿ.

ಅವರ ಕೈಗೆ ಬಂದ ತೊಂದರೆ ಟೈಟಾನಿಯಂ. ವಿಮಾನಗಳಲ್ಲಿ ಹೆಚ್ಚು ಬಳಕೆಯಾಗುವ ಟೈಟಾನಿಯಂ ಮಿಶ್ರಲೋಹದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 7 ವಾಟ್. ಸಾಮಾನ್ಯ ಕಾರ್ಬನ್ ಉಕ್ಕಿನದು 50ರ ಆಸುಪಾಸು, ನೀವು ಕತ್ತರಿಸುವ ಅಲ್ಯೂಮಿನಿಯಂ ಮಿಶ್ರಲೋಹಗಳದ್ದು ಸಾಮಾನ್ಯವಾಗಿ 100ಕ್ಕೂ ಮೇಲೆ. ಅಂದರೆ ಕತ್ತರಿಸುವಾಗ ಹುಟ್ಟುವ ಶಾಖದ ಬಹುಪಾಲು ಚಿಪ್ಪಿನೊಡನೆ (ಕತ್ತರಿಸಿ ಬರುವ ಲೋಹದ ಚೂರಿನೊಡನೆ) ಹೊರಗೆ ಹೋಗುವುದಿಲ್ಲ, ಜಾಬ್‌ನೊಳಗೂ ಹರಡುವುದಿಲ್ಲ; ಟೂಲ್‌ನ ತುದಿಯಲ್ಲೇ ಕೂತು ಇನ್ಸರ್ಟನ್ನು, ಅಂದರೆ ಕತ್ತರಿಸುವ ಅಂಚಿನ ತುಣುಕನ್ನು, ಸುಡುತ್ತದೆ. ಹಾಗಾಗಿ ವೇಗ ಏರಿಸುವಂತಿಲ್ಲ. ವೇಗ ಇಳಿಸಿ ಆಳವಾಗಿ ಕತ್ತರಿಸಲು ಹೋದರೆ ಇಡೀ ಮಷೀನ್ ನಡುಗುತ್ತದೆ. ಈ ಇಕ್ಕಟ್ಟಿನಿಂದ ಹೊರಬರಲು ಲೋಹಶಾಸ್ತ್ರ, ಕಂಪನಶಾಸ್ತ್ರ, ಟೂಲ್‌ನ ಜ್ಯಾಮಿತಿ, ಕೂಲೆಂಟ್ ಹಾಯಿಸುವ ಬಗೆ ಎಲ್ಲವೂ ಒಂದೇ ಮಷೀನಿನ ಮುಂದೆ ಸೇರಬೇಕಿತ್ತು. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಅಷ್ಟು ದೊಡ್ಡ ಮಷೀನ್ ಇರುವುದಿಲ್ಲ. ಕಾರ್ಖಾನೆಯಲ್ಲಿ ಇದ್ದರೂ ಪ್ರಯೋಗಕ್ಕೆಂದು ಒಂದು ಪಾಳಿಯನ್ನೂ ಬಿಟ್ಟುಕೊಡಲಾಗದು.

ಎಎಂಆರ್‌ಸಿಯ ರಚನೆ ಈ ಅಡಚಣೆಗೆ ಕೊಟ್ಟ ಉತ್ತರ. ಅಲ್ಲಿ ಕಾರ್ಖಾನೆಗಳಲ್ಲಿರುವ ಗಾತ್ರದ ಮಷೀನ್‌ಗಳೇ ಇವೆ. ಸ್ಟಾರಾಗ್, ಡಿಎಂಜಿ ಮೋರಿಯಂತಹ ಮಷೀನ್ ತಯಾರಕರೂ ಸ್ಯಾಂಡ್ವಿಕ್ ಕೊರೊಮಂಟ್‌ನಂತಹ ಟೂಲ್ ತಯಾರಕರೂ ಸದಸ್ಯರಾಗಿ ಬಂದರು, ಏಕೆಂದರೆ ಬೋಯಿಂಗ್, ರೋಲ್ಸ್-ರಾಯ್ಸ್‌ನವರ ಕಣ್ಣೆದುರಿಗೆ ತಮ್ಮ ಮಷೀನ್ ಓಡುವುದೇ ಅವರಿಗೆ ಲಾಭ. ಸದಸ್ಯತ್ವಕ್ಕೆ ಎರಡು ದರ್ಜೆ: ಹಲವು ವರ್ಷಗಳ ಕಾಲ ಮೊದಲ ದರ್ಜೆಗೆ ವರ್ಷಕ್ಕೆ 2 ಲಕ್ಷ ಪೌಂಡ್, ಎರಡನೆಯದಕ್ಕೆ 30 ಸಾವಿರ ಪೌಂಡ್ ಶುಲ್ಕವಿತ್ತು, ಅದನ್ನು ಸಲಕರಣೆಯ ರೂಪದಲ್ಲೂ ಕೊಡಬಹುದಿತ್ತು. ಮೊದಲ ದರ್ಜೆಯವರಿಗೆ ಮಂಡಳಿಯಲ್ಲಿ ಸ್ಥಾನ. ಎಲ್ಲರಿಗೂ ಬೇಕಾದ ಮೂಲಭೂತ ಕೆಲಸ ಯಾವುದು ಎಂಬುದನ್ನು ಆ ಮಂಡಳಿ ತೀರ್ಮಾನಿಸುತ್ತದೆ, ಅದರ ಫಲಿತಾಂಶ ಸದಸ್ಯರೆಲ್ಲರಿಗೂ ಸಿಗುತ್ತದೆ. ಒಂದು ಕಂಪನಿಗೆ ಮಾತ್ರ ಬೇಕಾದ ಕೆಲಸಕ್ಕೆ ಆ ಕಂಪನಿ ಪ್ರತ್ಯೇಕವಾಗಿ ಹಣ ಕಟ್ಟಿ ಫಲವನ್ನು ತಾನೇ ಇಟ್ಟುಕೊಳ್ಳುತ್ತದೆ. ಏನನ್ನು ಹಂಚಿಕೊಳ್ಳಬೇಕು, ಏನನ್ನು ಹಂಚಿಕೊಳ್ಳಬಾರದು ಎಂಬ ಗೆರೆ ಕೆಲಸಕ್ಕೆ ಮುನ್ನವೇ ಎಳೆದಿರುವುದರಿಂದ ಪ್ರತಿಸ್ಪರ್ಧಿಗಳೂ ಒಂದೇ ಛಾವಣಿಯಡಿ ಕೂರುತ್ತಾರೆ. ನನ್ನ ದೃಷ್ಟಿಯಲ್ಲಿ ಆ ಕೇಂದ್ರದ ಅತಿ ಮುಖ್ಯ ಆವಿಷ್ಕಾರ ಯಾವುದೇ ಮಷೀನಲ್ಲ, ಈ ಗೆರೆ.

ಫಲಿತಾಂಶ ಕಾರ್ಖಾನೆಗಳ ರೂಪದಲ್ಲೇ ಕಾಣುತ್ತದೆ. ರೋಲ್ಸ್-ರಾಯ್ಸ್ 2014ರಲ್ಲಿ ಇಂಗ್ಲೆಂಡಿನ ಈಶಾನ್ಯ ಭಾಗದ ವಾಷಿಂಗ್ಟನ್ ಎಂಬ ಊರಿನಲ್ಲಿ 10 ಕೋಟಿ ಪೌಂಡ್ ವೆಚ್ಚದ ಘಟಕ ತೆರೆಯಿತು. ವಿಮಾನದ ಎಂಜಿನ್‌ಗಳ ಫ್ಯಾನ್ ಮತ್ತು ಟರ್ಬೈನ್ ಡಿಸ್ಕ್‌ಗಳನ್ನು ಹಿಂದಿನ ಅರ್ಧ ಸಮಯದಲ್ಲಿ ತಯಾರಿಸಲು ಅಲ್ಲಿ ಬಳಸಿದ ವಿಧಾನಗಳು ಎಎಂಆರ್‌ಸಿಯ ಜೊತೆಗೂಡಿ ರೂಪಿಸಿದವು. 2018ರಲ್ಲಿ ಬೋಯಿಂಗ್ ಯುರೋಪಿನಲ್ಲಿ ತನ್ನ ಮೊದಲ ಉತ್ಪಾದನಾ ಘಟಕವನ್ನು ತೆರೆದದ್ದು ಶೆಫೀಲ್ಡಿನಲ್ಲೇ. ಇಷ್ಟಕ್ಕೆ ಹದಿನೇಳು ವರ್ಷ ಹಿಡಿಯಿತು ಎಂಬುದನ್ನೂ ಗಮನಿಸಬೇಕು.

ಈ ಕೆಲಸ ನಡೆಯುವ ಎತ್ತರವೂ ಮುಖ್ಯ. ನಾಸಾ ಬಳಕೆಗೆ ತಂದ ಒಂಬತ್ತು ಮೆಟ್ಟಿಲುಗಳ ಮಾಪನದಲ್ಲಿ ಹೊಸ ತಂತ್ರಜ್ಞಾನವೊಂದು ಮೂಲತತ್ವದಿಂದ ಹಿಡಿದು ನಿಜ ಬಳಕೆಯವರೆಗೆ ಎಲ್ಲಿದೆ ಎಂದು ಗುರುತಿಸುತ್ತಾರೆ. ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಮೂರನೆಯ ಮೆಟ್ಟಿಲಿನ ಹೊತ್ತಿಗೆ ಪ್ರಬಂಧ ಬರೆದು ಮುಂದಿನ ವಿಷಯಕ್ಕೆ ಹೋಗುತ್ತವೆ, ಉದ್ಯಮಗಳು ಏಳನೆಯದಕ್ಕೆ ಮುನ್ನ ಕೈ ಹಾಕುವುದಿಲ್ಲ. ನಡುವಿನ ನಾಲ್ಕು, ಐದು, ಆರನೆಯ ಮೆಟ್ಟಿಲುಗಳಿಗೆ ವಾರಸುದಾರರಿಲ್ಲ; ಹೆಚ್ಚು ಖರ್ಚು ಅಲ್ಲೇ, ಪ್ರಬಂಧಕ್ಕೆ ಸಾಮಗ್ರಿಯೂ ಅಲ್ಲಿ ಕಡಿಮೆ. ಬ್ರಿಟನ್ 2011ರಲ್ಲಿ ಎಎಂಆರ್‌ಸಿ ಸೇರಿದಂತೆ ಏಳು ಕೇಂದ್ರಗಳನ್ನು ಕೆಟಪಲ್ಟ್ ಎಂಬ ಒಂದೇ ಜಾಲಕ್ಕೆ ತಂದಾಗ, ಹಣದ ಮೂರನೇ ಒಂದು ಭಾಗ ಸರ್ಕಾರದ ನೇರ ಅನುದಾನ, ಮೂರನೇ ಒಂದು ಭಾಗ ಪೈಪೋಟಿಯಲ್ಲಿ ಗೆದ್ದ ಜಂಟಿ ಯೋಜನೆಗಳು, ಉಳಿದದ್ದು ಉದ್ಯಮಗಳ ನೇರ ಗುತ್ತಿಗೆ ಎಂಬ ಸೂತ್ರವನ್ನು ಇಟ್ಟುಕೊಂಡಿತು. ಉದ್ಯಮಗಳಿಗಾಗಿ ಸಂಶೋಧನೆ ಮಾಡುವ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಗಳನ್ನು ನೋಡಿ ಕಲಿತ ಪಾಠವದು. ಸರ್ಕಾರವೇ ಪೂರ್ತಿ ಕೊಟ್ಟರೆ ಕೇಂದ್ರ ಉದ್ಯಮದತ್ತ ನೋಡುವುದಿಲ್ಲ, ಉದ್ಯಮವೇ ಪೂರ್ತಿ ಕೊಟ್ಟರೆ ಮುಂದಿನ ವರ್ಷದ ಆಚೆಗೆ ನೋಡುವುದಿಲ್ಲ.

ವಿದ್ಯೆ ಕಾಲೇಜಿನಿಂದ ಹೊರಟು ಕಾರ್ಖಾನೆಗೆ ಬಂದ ಕಥೆಯೂ ಇದೆ ಎಂದು ನೀವು ಹೇಳಬಹುದು. ಪುಡಿಯನ್ನು ಲೇಸರ್‌ನಿಂದ ಪದರಪದರವಾಗಿ ಬೆಸೆಯುವ ತ್ರೀಡಿ ಮುದ್ರಣ ವಿಧಾನ ಅಮೆರಿಕದ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿತು. ವಿದ್ಯಾರ್ಥಿ ಕಾರ್ಲ್ ಡೆಕರ್ಡ್, ಮಾರ್ಗದರ್ಶಕ ಜೋ ಬೀಮನ್. ವಿಶ್ವವಿದ್ಯಾಲಯ ಪೇಟೆಂಟ್‌ಗೆ ಅರ್ಜಿ ಹಾಕಿ ಹಕ್ಕನ್ನು ಒಂದು ಹೊಸ ಕಂಪನಿಗೆ ಪರವಾನಗಿಯಾಗಿ ಕೊಟ್ಟಿತು, ಬಿ.ಎಫ್. ಗುಡ್ರಿಚ್ ಕಂಪನಿ ಅದಕ್ಕೆ ಬಂಡವಾಳ ಹೂಡಿತು, 2001ರಲ್ಲಿ ಅದನ್ನು ತ್ರೀಡಿ ಸಿಸ್ಟಮ್ಸ್ ಕೊಂಡಿತು. ಆದರೆ ಡೆಕರ್ಡ್‌ಗೆ ಆ ಯೋಚನೆಯ ಬೀಜ ಸಿಕ್ಕಿದ್ದು ತರಗತಿಯಲ್ಲಲ್ಲ. ಬೇಸಿಗೆ ರಜೆಯಲ್ಲಿ ಹ್ಯೂಸ್ಟನ್‌ನ ಮಷೀನ್ ಶಾಪ್ ಒಂದರಲ್ಲಿ ಕೆಲಸ ಮಾಡುವಾಗ, ಎರಕ ಹೊಯ್ಯಲು ಬೇಕಾದ ಪ್ಯಾಟರ್ನ್‌ಗಳನ್ನು ಕೈಯಿಂದ ಮಾಡುವ ಪಾಡನ್ನು ನೋಡಿದಾಗ. ಎರಕದ ಉದ್ಯಮಕ್ಕೆ ಹೆಸರಾದ ಬೆಳಗಾವಿಯವರಿಗೆ ಆ ಪಾಡನ್ನು ನಾನು ವಿವರಿಸಬೇಕಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಸಣ್ಣ ಘಟಕಕ್ಕೆ ಕಾಲೇಜಿನಿಂದ ಏನು ಸಿಕ್ಕೀತು ಎಂಬುದನ್ನು ನಿಮ್ಮದೇ ಕೆಲಸದಿಂದ ಒಂದು ಉದಾಹರಣೆ ಎತ್ತಿಕೊಂಡು ಹೇಳುತ್ತೇನೆ. ತೆಳುಗೋಡೆಯ ಅಲ್ಯೂಮಿನಿಯಂ ಹೌಸಿಂಗ್‌ನಲ್ಲಿ ಆಳದ ಪಾಕೆಟ್ (ಗುಳಿ) ಹೊಡೆಯುವಾಗ, ತಿರುಗುತ್ತಾ ಕತ್ತರಿಸುವ ಉದ್ದನೆಯ ಎಂಡ್‌ಮಿಲ್ ಕಿರುಚಿ, ಗೋಡೆಯ ಮೇಲೆ ಅಲೆಅಲೆಯ ಗುರುತು ಬೀಳುವುದನ್ನು ನೀವು ಕಂಡೇ ಇರುತ್ತೀರಿ. ಆಪರೇಟರ್ ಮಾಡುವ ಮೊದಲ ಕೆಲಸ ಸ್ಪಿಂಡಲ್ ವೇಗ ಇಳಿಸುವುದು, ಇಲ್ಲವೇ ಕಟ್‌ನ ಆಳ ಕಡಿಮೆ ಮಾಡುವುದು. ಚ್ಯಾಟರ್ ಎನ್ನುವ ಆ ನಡುಕ ನಿಲ್ಲುತ್ತದೆ, ಒಂದು ಜಾಬ್ ಮುಗಿಸಲು ಹಿಡಿಯುವ ಸೈಕಲ್ ಟೈಮ್ ಏರುತ್ತದೆ.

ಈ ಚ್ಯಾಟರ್‌ಗೆ ಕಾರಣ ಮಷೀನಿನ ಬಿಗಿತದ ಕೊರತೆಯಷ್ಟೇ ಅಲ್ಲ. ಟೂಲ್‌ನ ಒಂದು ಹಲ್ಲು ಮೇಲ್ಮೈಯಲ್ಲಿ ಸಣ್ಣ ಅಲೆಯನ್ನು ಬಿಟ್ಟು ಹೋಗುತ್ತದೆ, ಮುಂದಿನ ಹಲ್ಲು ಆ ಅಲೆಯನ್ನೇ ಕತ್ತರಿಸುತ್ತದೆ. ಎರಡು ಅಲೆಗಳ ಏರಿಳಿತ ಹೊಂದದಿದ್ದರೆ ಚಿಪ್ಪಿನ ದಪ್ಪ ಕ್ಷಣಕ್ಷಣಕ್ಕೂ ಬದಲಾಗಿ, ಬಲ ಬದಲಾಗಿ, ನಡುಕ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಅಲೆಗಳು ಹೊಂದಿಕೊಂಡರೆ ಚಿಪ್ಪಿನ ದಪ್ಪ ಒಂದೇ ಸಮನಾಗಿ ಉಳಿಯುತ್ತದೆ, ಇನ್ನೂ ಆಳವಾಗಿ ಕತ್ತರಿಸಿದರೂ ಟೂಲ್ ಶಾಂತವಾಗಿರುತ್ತದೆ. ಹಾಗೆ ಹೊಂದುವ ವೇಗಗಳನ್ನು ಲೆಕ್ಕ ಹಾಕಬಹುದು. ಟೂಲ್ ಮತ್ತು ಹೋಲ್ಡರ್ ಸೇರಿದ ಜೋಡಣೆಯ ಸಹಜ ಕಂಪನ ಸೆಕೆಂಡಿಗೆ 900 ಬಾರಿ, ಟೂಲ್‌ಗೆ ಮೂರು ಹಲ್ಲು ಎಂದಿಟ್ಟುಕೊಳ್ಳಿ. 900ನ್ನು 60ರಿಂದ ಗುಣಿಸಿ 3ರಿಂದ ಭಾಗಿಸಿದರೆ ನಿಮಿಷಕ್ಕೆ 18,000 ಸುತ್ತು. ಅದರ ಅರ್ಧ 9,000. ಮೂರನೇ ಒಂದು ಭಾಗ 6,000. ಈ ವೇಗಗಳ ಆಸುಪಾಸಿನಲ್ಲಿ ಆಳದ ಕಟ್‌ಗೆ ಅವಕಾಶವಿದೆ, ನಡುವಿನ ವೇಗಗಳಲ್ಲಿ ಇಲ್ಲ. ಅಂದರೆ 7,500ರಲ್ಲಿ ಕಿರುಚುವ ಟೂಲನ್ನು 9,000ಕ್ಕೆ ಏರಿಸಿದರೆ ಅದು ಸುಮ್ಮನಾಗಬಹುದು. ಇದನ್ನು ಮೊದಲ ಸಲ ಕಂಡ ಆಪರೇಟರ್‌ಗಳು ಕಣ್ಣರಳಿಸುವುದು ಸಹಜವೇ.

ಈ ಸಿದ್ಧಾಂತವನ್ನು 1950ರ ದಶಕದಲ್ಲಿ ಚೆಕೊಸ್ಲೊವಾಕಿಯಾದ ಯಿರ್ಷಿ ಟ್ಲುಸ್ಟಿ ಮತ್ತು ಬ್ರಿಟನ್ನಿನಲ್ಲಿದ್ದ ಟೋಬಿಯಾಸ್ ಬೇರೆಬೇರೆಯಾಗಿ ಕಟ್ಟಿದರು. ಟ್ಲುಸ್ಟಿ ಮುಂದೆ ಕೆನಡಾಕ್ಕೂ ಅಲ್ಲಿಂದ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೂ ಹೋದರು. ಅವರೂ ಅವರ ಶಿಷ್ಯರೂ ವಿಮಾನ ಕಂಪನಿಗಳ ಜೊತೆ ಮಾಡಿದ ಕೆಲಸದಿಂದ, ಹಿಂದೆ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸುತ್ತಿದ್ದ ಭಾಗಗಳನ್ನು ದಪ್ಪ ಅಲ್ಯೂಮಿನಿಯಂ ಫಲಕದಿಂದ ಇಡಿಯಾಗಿ ಕೊರೆದು ತೆಗೆಯುವುದು ಲಾಭದಾಯಕವಾಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಆಲ್ಟಿಂಟಾಸ್ ಮತ್ತು ಬುಡಾಕ್ 1995ರಲ್ಲಿ ಮಿಲ್ಲಿಂಗ್‌ಗೆ ಇದೇ ಲೆಕ್ಕವನ್ನು ನೇರ ಸೂತ್ರಕ್ಕೆ ಇಳಿಸಿದರು; ಇಂದು ಅದು ಮಾರಾಟಕ್ಕಿರುವ ತಂತ್ರಾಂಶವಾಗಿದೆ. ಇಷ್ಟೆಲ್ಲ ಆಗಿ ದಶಕಗಳು ಕಳೆದರೂ ನಮ್ಮ ಜಾಬ್‌ವರ್ಕ್ ಶಾಪ್‌ಗಳಲ್ಲಿ ವೇಗ ಇಳಿಸುವುದೇ ಚ್ಯಾಟರ್‌ಗೆ ಮದ್ದು. ಹೊಸದನ್ನು ಕಂಡುಹಿಡಿಯುವುದಕ್ಕಿಂತ, ಪುಸ್ತಕದಲ್ಲಿರುವುದನ್ನು ಶಾಪ್‌ಗೆ ಇಳಿಸುವುದರಲ್ಲೇ ನಿಮ್ಮಂಥವರಿಗೆ ಮೊದಲ ಲಾಭವಿದೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇದಕ್ಕೆ ಬೇಕಾದದ್ದು ಬಡಿತದ ಬಲ ಅಳೆಯುವ ಒಂದು ಇಂಪ್ಯಾಕ್ಟ್ ಹ್ಯಾಮರ್, ಕಂಪನ ಅಳೆಯುವ ಒಂದು ಅಕ್ಸೆಲೆರೊಮೀಟರ್, ದತ್ತಾಂಶ ಹಿಡಿಯುವ ಪುಟ್ಟ ಪೆಟ್ಟಿಗೆ, ಅದನ್ನು ಓದಬಲ್ಲ ಒಬ್ಬರು. ಮೆಕ್ಯಾನಿಕಲ್ ವಿಭಾಗದಲ್ಲಿ ಕಂಪನದ ಪ್ರಯೋಗಾಲಯ ಸುಸ್ಥಿತಿಯಲ್ಲಿರುವ ಕಾಲೇಜಿಗೆ ಇದು ಸಾಧ್ಯವಾಗುವ ಕೆಲಸ. ನಿಮಗೆ ಒಡಂಬಡಿಕೆ ಕಳಿಸಿದ ಕಾಲೇಜಿಗೆ ಈ ಒಂದು ಕೆಲಸವನ್ನು ಒಪ್ಪಿಸಿ ನೋಡಿ. ಪ್ರಾಧ್ಯಾಪಕರು ಸ್ವತಃ ನಿಮ್ಮ ವಿಎಂಸಿಯ ಮುಂದೆ ಬಂದು ನಿಲ್ಲುತ್ತಾರೆಯೇ, ಅಥವಾ ಅಂತಿಮ ವರ್ಷದ ಇಬ್ಬರು ಹುಡುಗರನ್ನು ಕಳಿಸಿ ಕೈತೊಳೆದುಕೊಳ್ಳುತ್ತಾರೆಯೇ ಎಂಬುದು ಬೇಗನೆ ಗೊತ್ತಾಗುತ್ತದೆ.

ವಿದ್ಯಾರ್ಥಿಗಳನ್ನು ಹಗುರವಾಗಿ ಕಾಣುವುದು ನನ್ನ ಉದ್ದೇಶವಲ್ಲ. ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಸೆಮಿಸ್ಟರ್ ಮುಗಿದಾಗ ಅವರು ಹೋಗುತ್ತಾರೆ, ಕಲಿತದ್ದು ಅವರೊಡನೆ ಹೋಗುತ್ತದೆ. ನಿಮ್ಮ ಡೆಲಿವರಿ ದಿನಾಂಕಕ್ಕೂ ಪರೀಕ್ಷಾ ವೇಳಾಪಟ್ಟಿಗೂ ತಾಳೆಯಾಗುವುದೇ ಇಲ್ಲ. ಬ್ರಿಟನ್ 1975ರಲ್ಲಿಯೇ ಇದಕ್ಕೊಂದು ದಾರಿ ಕಂಡುಕೊಂಡಿತು, ಅದನ್ನು ಈಗ ಕೆಟಿಪಿ (ಜ್ಞಾನ ವರ್ಗಾವಣೆಯ ಸಹಭಾಗಿತ್ವ) ಎಂದು ಕರೆಯುತ್ತಾರೆ. ಒಬ್ಬ ಪದವೀಧರ ಒಂದರಿಂದ ಮೂರು ವರ್ಷ ಕಂಪನಿಯ ಆವರಣದಲ್ಲೇ ಪೂರ್ಣಾವಧಿ ಕೆಲಸ ಮಾಡುತ್ತಾನೆ, ಪ್ರಾಧ್ಯಾಪಕರು ನಿಯತವಾಗಿ ಬಂದು ಮಾರ್ಗದರ್ಶನ ಮಾಡುತ್ತಾರೆ, ವೆಚ್ಚದ ಒಂದು ಪಾಲನ್ನು ಸರ್ಕಾರ ಹೊರುತ್ತದೆ. ಅಂಥ ಯೋಜನೆ ಕೈಗೆಟುಕದಿದ್ದರೂ ಅದರ ಮಾದರಿಯನ್ನು ನೀವೇ ಅನುಸರಿಸಬಹುದು: ಒಬ್ಬ ಎಂ.ಟೆಕ್. ವಿದ್ಯಾರ್ಥಿಯನ್ನು ಪ್ರಾಜೆಕ್ಟ್‌ಗೆ ತೆಗೆದುಕೊಳ್ಳಿ, ಅವನ ಜೊತೆ ಮಷೀನ್ ಹೊಂದಿಸುವ ನಿಮ್ಮ ನುರಿತ ಸೆಟ್ಟರ್ ಒಬ್ಬರನ್ನು ಜೋಡಿಸಿ. ಹುಡುಗ ಹೋದ ಮೇಲೂ ವಿದ್ಯೆ ಸೆಟ್ಟರ್ ಬಳಿ ಉಳಿಯುತ್ತದೆ.

ನಮ್ಮಲ್ಲೂ ನಡುವಿನ ಮೆಟ್ಟಿಲುಗಳಿಗೆ ಸಂಸ್ಥೆಗಳಿವೆ. ಬೆಂಗಳೂರಿನ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಅಂದರೆ ಸಿಎಂಟಿಐ, 1962ರಲ್ಲಿ ಚೆಕೊಸ್ಲೊವಾಕಿಯಾದ ನೆರವಿನಿಂದಲೇ ಸ್ಥಾಪನೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆ ಉದ್ಯಮಗಳೊಡನೆ ವ್ಯವಹರಿಸಲೆಂದೇ 1991ರಲ್ಲಿ ಪ್ರತ್ಯೇಕ ಸೊಸೈಟಿಯನ್ನು ಕಟ್ಟಿತು. ಕೇಂದ್ರದ ಭಾರೀ ಕೈಗಾರಿಕಾ ಇಲಾಖೆಯ ಬಂಡವಾಳ ಸರಕು ಯೋಜನೆಯಡಿ ಐಐಟಿ ಮದ್ರಾಸ್‌ನಲ್ಲಿ ಸುಧಾರಿತ ಮಷೀನ್ ಟೂಲ್‌ಗಳ ಕೇಂದ್ರ ತಲೆಯೆತ್ತಿತು. ಆ ಯೋಜನೆಯಲ್ಲಿ ವೆಚ್ಚದ ಶೇ. 80ರವರೆಗೆ ಸರ್ಕಾರದ ಪಾಲು, ಉಳಿದದ್ದು ಉದ್ಯಮದ್ದು. ಆದರೆ ಅದರ ಫಲ ಹೆಚ್ಚಾಗಿ ದಕ್ಕಿದ್ದು ಮಷೀನ್ ತಯಾರಿಸುವ ದೊಡ್ಡ ಕಂಪನಿಗಳಿಗೆ. ಮಷೀನ್ ಬಳಸುವ ಸಣ್ಣ ಘಟಕಕ್ಕೆ ಅಷ್ಟು ದೊಡ್ಡ ಯೋಜನೆಯ ಕಾಗದಪತ್ರಗಳನ್ನು ನಿಭಾಯಿಸುವುದೇ ಭಾರವಾದೀತು. ನಿಮ್ಮೂರಿನಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಇದೆ, ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಇದೆ. ಅಲ್ಲಿಂದ ಶುರು ಮಾಡಿ, ಅಲ್ಲಿ ಬಗೆಹರಿಯದ್ದನ್ನು ಸಿಎಂಟಿಐಗೆ ಒಯ್ಯುವುದು ನಾನು ಸೂಚಿಸುವ ಕ್ರಮ.

ಇನ್ನು ಸ್ವತ್ತಿನ ಪ್ರಶ್ನೆ. ‘ಹುಟ್ಟಿದ್ದೆಲ್ಲ ಇಬ್ಬರಿಗೂ ಸಮಾನ’ ಎಂಬ ಸಾಲು ನಿಮಗೆ ಬಂದ ಕರಡಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಕೇಳಲು ನ್ಯಾಯವಾಗಿದೆ, ಆದರೆ ಅದರ ಕಾನೂನು ಪರಿಣಾಮ ತಿಳಿದಿರಲಿ. 1970ರ ಭಾರತೀಯ ಪೇಟೆಂಟ್ ಕಾಯಿದೆಯ 50ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಜಂಟಿ ಒಡೆಯರಲ್ಲಿ ಪ್ರತಿಯೊಬ್ಬರೂ ಆವಿಷ್ಕಾರವನ್ನು ತಮ್ಮ ಲಾಭಕ್ಕೆ ಬಳಸಬಹುದು, ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸಬೇಕಿಲ್ಲ. ಆದರೆ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಪರವಾನಗಿ ಕೊಡುವಂತಿಲ್ಲ, ತಮ್ಮ ಪಾಲನ್ನು ವರ್ಗಾಯಿಸುವಂತಿಲ್ಲ. ಕಾರ್ಖಾನೆಯಿರುವ ನಿಮಗೆ ಇದು ಅನುಕೂಲ. ಕಾರ್ಖಾನೆಯಿಲ್ಲದ ಕಾಲೇಜಿಗೆ ನಿಮ್ಮ ಸಹಿಯಿಲ್ಲದೆ ಒಂದು ರೂಪಾಯಿಯೂ ಹುಟ್ಟದು. ಇದು ಅವರಿಗೆ ತಡವಾಗಿ ಅರಿವಾದಾಗ ಮನಸ್ತಾಪವಾಗುತ್ತದೆ. ಅದಕ್ಕಿಂತ ಒಡೆತನ ಒಬ್ಬರದ್ದೇ ಆಗಿ, ಇನ್ನೊಬ್ಬರಿಗೆ ನಿರ್ದಿಷ್ಟ ಕ್ಷೇತ್ರದಲ್ಲಿ ಬಳಸುವ ಹಕ್ಕೋ ರಾಯಲ್ಟಿಯೋ ಇರುವಂತೆ ಬರೆದುಕೊಳ್ಳುವುದು ಸ್ವಚ್ಛ. ಬ್ರಿಟನ್ನಿನಲ್ಲಿ ಇಂತಹ ಬೇರೆಬೇರೆ ಹಂಚಿಕೆಗಳಿಗೆ ಸಿದ್ಧ ಮಾದರಿ ಒಪ್ಪಂದಗಳನ್ನು ಲ್ಯಾಂಬರ್ಟ್ ಟೂಲ್‌ಕಿಟ್ ಎಂಬ ಹೆಸರಿನಲ್ಲಿ 2005ರಿಂದ ಉಚಿತವಾಗಿ ಒದಗಿಸಿದ್ದಾರೆ. ನಿಮ್ಮ ವಕೀಲರು ಅವನ್ನೊಮ್ಮೆ ಓದಿ, ನಮ್ಮ ಕಾನೂನಿಗೆ ಹೊಂದಿಸಿಕೊಳ್ಳಬಹುದು.

ಪೇಟೆಂಟ್‌ಗಿಂತಲೂ ನಿಮಗೆ ಹತ್ತಿರದ ಅಪಾಯ ಎರಡಿವೆ. ನೀವು ಜಾಬ್‌ವರ್ಕ್ ಮಾಡುವವರು, ಡ್ರಾಯಿಂಗ್‌ಗಳು ಗ್ರಾಹಕರವು. ಗೋಪ್ಯತೆಯ ಕರಾರಿಗೆ ನೀವು ಸಹಿ ಹಾಕಿದ್ದರೆ ಆ ಡ್ರಾಯಿಂಗ್ ವಿದ್ಯಾರ್ಥಿಯ ಪ್ರಬಂಧದ ಅನುಬಂಧದಲ್ಲಿ ಕಾಣಿಸಿಕೊಂಡ ದಿನ ನೀವು ಗ್ರಾಹಕರನ್ನು ಕಳೆದುಕೊಳ್ಳುತ್ತೀರಿ. ಪ್ರಯೋಗಕ್ಕೆ ಅದೇ ಗೋಡೆ ದಪ್ಪ, ಅದೇ ಆಳ ಇರುವ ಒಂದು ಮಾದರಿ ತುಂಡನ್ನು ಬೇರೆಯಾಗಿ ಬಿಡಿಸಿಕೊಡಿ. ಎರಡನೆಯದು, ಪೇಟೆಂಟ್ ಅರ್ಜಿಗೆ ಮುನ್ನ ಪ್ರಬಂಧ ಪ್ರಕಟವಾದರೆ ಆವಿಷ್ಕಾರದ ಹೊಸತನವೇ ಹೋಗಿ ಪೇಟೆಂಟ್ ಸಿಗದೇ ಹೋಗಬಹುದು. ಹಾಗೆಂದು ಪ್ರಕಟಣೆಯನ್ನೇ ನಿಷೇಧಿಸಿದರೆ ಯಾವ ಒಳ್ಳೆಯ ಪ್ರಾಧ್ಯಾಪಕರೂ ನಿಮ್ಮ ಜೊತೆ ಬರುವುದಿಲ್ಲ, ಅವರ ಬಡ್ತಿ ನಿಂತಿರುವುದೇ ಅದರ ಮೇಲೆ. ಪ್ರಕಟಣೆಗೆ ಅರವತ್ತು ದಿನ ಮೊದಲು ಕರಡನ್ನು ನಿಮಗೆ ತೋರಿಸಬೇಕು, ಅಷ್ಟರಲ್ಲಿ ನೀವು ಅರ್ಜಿ ಹಾಕಬಹುದು ಅಥವಾ ನಿರ್ದಿಷ್ಟ ಅಂಕಿಗಳನ್ನು ತೆಗೆಸಬಹುದು ಎಂಬ ಷರತ್ತು ಇಬ್ಬರಿಗೂ ನಡೆಯುತ್ತದೆ. ವಾಸ್ತವದಲ್ಲಿ ನಿಮ್ಮಂತಹ ಶಾಪ್‌ನಲ್ಲಿ ಬೆಲೆಬಾಳುವುದು ಪೇಟೆಂಟ್ ಆಗುವ ವಸ್ತುವಲ್ಲ. ಯಾವ ಜಾಬ್‌ಗೆ ಯಾವ ವೇಗ, ಯಾವ ಫೀಡ್, ಯಾವ ಫಿಕ್ಸ್‌ಚರ್ ಎಂಬ ಕೋಷ್ಟಕ. ಅದು ನಿಮ್ಮದೇ ಎಂದು ಒಪ್ಪಂದದಲ್ಲಿ ಬರೆಸಿ.

ಐದು ವರ್ಷಗಳ ಆ ಒಡಂಬಡಿಕೆಗೆ, ಹಣದ ಬದ್ಧತೆಯಾಗಲಿ ಸ್ವತ್ತಿನ ಷರತ್ತಾಗಲಿ ಅದರಲ್ಲಿ ಇಲ್ಲದಿದ್ದರೆ, ಸಹಿ ಹಾಕಲು ಅಡ್ಡಿಯಿಲ್ಲ. ಅದರಿಂದ ಕಾಲೇಜಿಗೆ ಉಪಯೋಗವಾಗುತ್ತದೆ, ನಿಮಗೆ ನಷ್ಟವಿಲ್ಲ. ಹಣ, ಸ್ವತ್ತು, ಗೋಪ್ಯತೆಗಳೆಲ್ಲ ಪ್ರತಿ ಕೆಲಸಕ್ಕೂ ಬೇರೆಯಾಗಿ ಬರೆಯುವ ಎರಡು ಪುಟದ ಯೋಜನಾ ಒಪ್ಪಂದದಲ್ಲಿರಲಿ. ಮೊದಲನೆಯದು ಆರು ತಿಂಗಳದ್ದಾಗಿರಲಿ, ಒಂದೇ ಜಾಬ್ ಕುರಿತಾಗಿರಲಿ, ಈಗಿನ ಸೈಕಲ್ ಟೈಮ್ ಎಷ್ಟು, ರಿಜೆಕ್ಷನ್ ಎಷ್ಟು ಎಂಬ ಅಂಕಿಗಳನ್ನು ಮೊದಲ ಪುಟದಲ್ಲೇ ನಮೂದಿಸಿ. ಕಾಲೇಜಿಗೆ ಒಂದಿಷ್ಟು ಶುಲ್ಕವನ್ನೂ ಕೊಡಿ: ಉಚಿತವಾಗಿ ಮಾಡಿಸಿಕೊಂಡ ಕೆಲಸಕ್ಕೆ ಗಡುವು ಕೇಳುವುದು ಕಷ್ಟ.